ಕಪ್ಪತಗುಡ್ಡದ ಹಳೇ ಚಿನ್ನದ ಗಣಿ: ಯಾಕೆ ಬಿಟ್ಟು ಹೋದರು?

ಗುಡ್ಡದ ದಾರಿ:

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಬರೆಯುವುದು ಇದೇ ಮೊದಲು.

ಕಳೆದ ಭಾನುವಾರ ಅರಣ್ಯ ಸಿಬ್ಬಂದಿ ಜೊತೆ ಗದಗ ಜಿಲ್ಲೆಯ ಕಪ್ಪತಗುಡ್ಡದ ಕಬಲಾಯತಕಟ್ಟಿ ಕಡೆ ಹೋಗಿದ್ದೆ. ಗಿಡಗಳ ಪಟ್ಟಿ ಮಾಡುವ ಕೆಲಸ. ಬೋದೆ ಹುಲ್ಲಿನ ನಡುವೆ ನಡೆಯುವಾಗ ನೆಲ ತಟ್ಟನೆ ಕೆಳಗಿಳಿಯಿತು. ನೋಡಿದರೆ ಒಂದು ಉದ್ದನೆ ಕಂದಕ. ಅಗಲ ನಾಲ್ಕು ಹೆಜ್ಜೆ ಇರಬಹುದು. ನೀರು ಕೊರೆದದ್ದಲ್ಲ, ಯಾಕಂದ್ರೆ ಇಳಿಜಾರನ್ನು ಅಡ್ಡ ದಾಟಿ ನೇರವಾಗಿ ಹೋಗಿದೆ. ಎರಡೂ ಬದಿಗೆ ಬಿಳಿ ಕಲ್ಲಿನ ಚೂರುಗಳ ರಾಶಿ. ಸ್ವಲ್ಪ ಮುಂದೆ ಒಂದು ಬಾವಿಯಂಥ ಗುಂಡಿ. ಒಳಗಿನಿಂದಲೇ ಒಂದು ಆಲದ ಗಿಡ ಎದ್ದು ಬಂದಿದೆ. ಒಂದು ಕಲ್ಲು ಎಸೆದು ಎಣಿಸಿದೆ. ಮೂರು ಎಣಿಸುವಷ್ಟರಲ್ಲಿ ಸದ್ದು ಬಂತು. ಪಕ್ಕದ ಚಪ್ಪಟೆ ಬಂಡೆಯ ಮೇಲೆ ಬಟ್ಟಲಿನಂಥ ಕುಳಿಗಳು, ಒಂದರ ಪಕ್ಕ ಒಂದು, ಒಟ್ಟು ಹನ್ನೊಂದು. ಕೈ ಇಟ್ಟು ನೋಡಿದೆ. ಒಳಗೆಲ್ಲ ನುಣ್ಣಗೆ, ಮನೆಯ ಒರಳಿನ ಹಾಗೆ.

ಇಳಿದು ಬರುವಾಗ ಕುರಿ ಕಾಯುವ ಅಜ್ಜರೊಬ್ಬರು ಸಿಕ್ಕರು. "ಬ್ರಿಟಿಷರು ಇದ್ದ ಬಂಗಾರ ಎಲ್ಲಾ ಬಳಕೊಂಡು ಹೋದ್ರು" ಅಂದರು. ಅದೇ ಊರಿನ ಇನ್ನೊಬ್ಬ ಹಿರಿಯರು, "ಬಂಗಾರ ಎಲ್ಲೀದು, ಅಲ್ಲೇನೂ ಸಿಗಲಿಲ್ಲ, ಅದಕ್ಕ ಬಿಟ್ಟು ಓಡಿದ್ರು" ಅಂದರು. ಎರಡರಲ್ಲಿ ಯಾವುದು ನಿಜ? ಗೊತ್ತಿದ್ದವರು ದಯವಿಟ್ಟು ಹೇಳಿ. ಮನೆಗೆ ಬಂದ ಮೇಲೂ ಆ ಕುಳಿಗಳು ಕಣ್ಣ ಮುಂದಿನಿಂದ ಹೋಗಿಲ್ಲ.

ಮಾರಿಕುಪ್ಪಂ ನಿವೃತ್ತ:

ತಮ್ಮಾ, ಮೊದಲು ಒಂದು ಮಾತು. ಆ ಗುಂಡಿಯ ಅಂಚಿಗೆ ಇನ್ನು ಮುಂದೆ ಹೋಗಬೇಡ.

ಮೂರು ಸೆಕೆಂಡು ಅಂದರೆ ಸುಮಾರು 40 ಮೀಟರ್. ಹದಿಮೂರು ಮಹಡಿ ಕಟ್ಟಡದಷ್ಟು. ಅದೂ ಕಲ್ಲು ತಳ ಮುಟ್ಟಿದ್ದರೆ. ಎಷ್ಟೋ ಸಲ ನಡುವೆ ಕೊಳೆತ ಹಲಗೆ, ಜಾರಿ ಬಿದ್ದ ಮಣ್ಣು ಸಿಕ್ಕಿಕೊಂಡಿರುತ್ತೆ. ಅದನ್ನೇ ತಳ ಅಂದುಕೊಳ್ಳುತ್ತೇವೆ. ಹಳೇ ಶಾಫ್ಟಿನ, ಅಂದರೆ ಗಣಿಗೆ ಇಳಿಯಲು ತೋಡಿದ ಬಾವಿಯ, ಬಾಯಿ ಒಳಗಿನಿಂದ ಕುಸಿಯುತ್ತಾ ಬರುತ್ತೆ. ಮೇಲೆ ಗಟ್ಟಿ ನೆಲ ಕಂಡರೂ ಕೆಳಗೆ ಟೊಳ್ಳು. ನೀನು ನಿಂತ ಜಾಗದ ಕೆಳಗೆ ಒಂದು ಗೇಣು ಮಣ್ಣು ಮಾತ್ರ ಇದ್ದಿರಬಹುದು.

ಗಾಳಿಯದ್ದು ಇನ್ನೊಂದು ಅಪಾಯ. ಕೆಳಗೆ ಗಂಧಕ ಇರುವ ಕಲ್ಲು ನಿಧಾನಕ್ಕೆ ತುಕ್ಕು ಹಿಡಿಯುತ್ತಾ ಇರುತ್ತೆ. ಅದು ಗಾಳಿಯಲ್ಲಿನ ಆಮ್ಲಜನಕ ತಿನ್ನುತ್ತೆ. ವಾಸನೆ ಬರುವುದಿಲ್ಲ, ಹೊಗೆ ಕಾಣುವುದಿಲ್ಲ. ಇಳಿದವನು ಕೂತಲ್ಲೇ ಒರಗುತ್ತಾನೆ, ಎತ್ತಲು ಇಳಿದವನೂ ಒರಗುತ್ತಾನೆ. ನಾನು ಕೆಜಿಎಫ್‌ನಲ್ಲಿ ನೆಲದ ಕೆಳಗೆ 26 ವರ್ಷ ಇದ್ದವನು. ಸುಮ್ನೆ ಹೆದರಿಸಲು ಹೇಳುತ್ತಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ ತಿಳಿದವರು ಇಲ್ಲಿದ್ದಾರೆ. ಆಮೇಲೆ ನಾನೂ ಬರುತ್ತೇನೆ.

ಗುಡ್ಡದ ದಾರಿ:

ಕ್ಷಮಿಸಿ ಸರ್. ಗೊತ್ತಿರಲಿಲ್ಲ. ಓದಿ ಮೈ ಜುಮ್ಮೆಂದಿತು. ಅರಣ್ಯ ಸಿಬ್ಬಂದಿಗೂ ಈ ಮಾತು ತಿಳಿಸುತ್ತೇನೆ.

ಹಳೆಕಡತ:

ಬಹಳ ಒಳ್ಳೇ ಪ್ರಶ್ನೆ. ಕಪ್ಪತಗುಡ್ಡದ ಚಿನ್ನ ಹೊಸ ಸುದ್ದಿ ಅಲ್ಲ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲೇ ಈ ಬೆಟ್ಟಗಳ ಬಗ್ಗೆ ಬರೆದರು. ಆಗ ಇವನ್ನು "ಡಂಬಳದ ಬೆಟ್ಟಗಳು" ಅಂತ ಕರೆಯುತ್ತಿದ್ದರು. ಅವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರು. ನಮ್ಮ ಕಡೆಯ ಈ ಪುರಾತನ ಶಿಲೆಗಳಿಗೆ ಧಾರವಾಡದ ಹೆಸರನ್ನೇ ಇಟ್ಟವರೂ ಅವರೇ. ಇವತ್ತು ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ "ಧಾರವಾಡ" ಅನ್ನುವ ಶಬ್ದ ಇರುವುದು ಹಾಗಾಗಿ. ಭಾರತದ ಆದಿಮಾನವನ ಕಲ್ಲಿನ ಆಯುಧವನ್ನು 1863ರಲ್ಲಿ ಮದ್ರಾಸಿನ ಹತ್ತಿರ ಪಲ್ಲಾವರಂನಲ್ಲಿ ಗುರುತಿಸಿದವರೂ ಅವರೇ. ನೆಲ ನೋಡಿ ನಡೆಯುವ ಮನುಷ್ಯ.

ಅವರು ಬಂದಾಗ ಸೊರಟೂರು, ಡೋಣಿ ಕಡೆಯ ಹಳ್ಳಗಳಲ್ಲಿ ಜಲಗಾರರು ಮರಳು ತೊಳೆದು ಚಿನ್ನ ತೆಗೆಯುತ್ತಿದ್ದರು. ಅಂದರೆ ಕಂಪನಿಗಳು ಬರುವ ಎಷ್ಟೋ ಮೊದಲೇ ಊರಿನವರಿಗೆ ಚಿನ್ನ ಗೊತ್ತಿತ್ತು. ಸಾಹೇಬರು ಬಂದು "ಕಂಡುಹಿಡಿದರು" ಅನ್ನುವ ಮಾತು ನನಗೆ ಒಪ್ಪಿಗೆ ಇಲ್ಲ. ಜಲಗಾರರು ತೋರಿಸಿದರು, ಅವರು ಬರೆದುಕೊಂಡರು.

ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಕಂಪನಿಗಳು ಬಂದವು. ಕಬಲಾಯತಕಟ್ಟಿಯಲ್ಲಿ ಧಾರವಾಡ ಗೋಲ್ಡ್ ಮೈನ್ಸ್, ಹೊಸೂರು ಕಡೆ ಇನ್ನೊಂದು. ಕೋಲಾರದ ಯಶಸ್ಸು ಎಲ್ಲರ ತಲೆ ತಿರುಗಿಸಿದ ಕಾಲ ಅದು. 1906ರಲ್ಲಿ ಭೂವಿಜ್ಞಾನಿ ಮಾಲ್ಕಂ ಮೆಕ್ಲಾರೆನ್ ದಕ್ಷಿಣ ಭಾರತದ ಚಿನ್ನದ ಪ್ರದೇಶಗಳ ಬಗ್ಗೆ ವರದಿ ಬರೆದರು. ಆ ಹೊತ್ತಿಗೆ ಗದಗ ಸೀಮೆಯಲ್ಲಿ ಕೆಲಸ ಜೋರಾಗಿತ್ತು. ಸ್ವಲ್ಪ ವರ್ಷದಲ್ಲೇ ಎಲ್ಲ ನಿಂತಿತು. ಅಂದರೆ ನಿಮ್ಮ ಇಬ್ಬರು ಹಿರಿಯರ ಮಾತೂ ಪೂರ್ತಿ ಸರಿ ಅಲ್ಲ. ಚಿನ್ನ ಸಿಕ್ಕಿತು. ಎಲ್ಲವನ್ನೂ ಬಳಿದುಕೊಂಡು ಹೋಗಲಿಲ್ಲ.

ನಿಧಿ ಹುಡುಕಾಟ:

ಅಲ್ಲಿ ಮೆಟಲ್ ಡಿಟೆಕ್ಟರ್ ತಗೊಂಡು ಹೋದರೆ ಏನಾದರೂ ಸಿಗಬಹುದಾ? ಜಾಗದ ಲೊಕೇಶನ್ ಕಳಿಸ್ತೀರಾ?

ಹಳೆಕಡತ:

ಕಳಿಸಬೇಡಿ, ಗುಡ್ಡದ ದಾರಿಯವರೇ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಸುಮಾರು 244 ಚದರ ಕಿಲೋಮೀಟರ್. ಅಲ್ಲಿಂದ ಅನುಮತಿ ಇಲ್ಲದೆ ಏನು ತೆಗೆದರೂ ಅಪರಾಧ.

ಬೆಣಚುಕಲ್ಲು:

ಡಿಟೆಕ್ಟರ್ ಕೇಳಿದವರಿಗೆ ಇನ್ನೊಂದು ಕಾರಣವನ್ನೂ ಹೇಳುತ್ತೇನೆ. ಇಲ್ಲಿನ ಚಿನ್ನ ಗಟ್ಟಿಯಾಗಿ, ಹರಳಾಗಿ ಕೂತಿಲ್ಲ. ಕಲ್ಲಿನೊಳಗೆ ಬಹುಪಾಲು ಕಣ್ಣಿಗೆ ಕಾಣದಷ್ಟು ಸಣ್ಣ. ನಾನು ಭೂವಿಜ್ಞಾನ ಓದಿದವಳು, ಚಿತ್ರದುರ್ಗ ಪಟ್ಟಿಯಲ್ಲಿ ಬಹಳ ವರ್ಷ ತಿರುಗಿದ್ದೇನೆ. ಗದಗದ ಬೆಟ್ಟಗಳೂ ಅದೇ ಪಟ್ಟಿಯ ಉತ್ತರದ ತುದಿ. ಅಲ್ಲಿಂದ ಚಿತ್ರದುರ್ಗ ಹಾದು ದಕ್ಷಿಣಕ್ಕೆ ಶ್ರೀರಂಗಪಟ್ಟಣದ ಕಡೆವರೆಗೂ ಈ ಹಸಿರುಗಲ್ಲಿನ ಪಟ್ಟಿ ಹೋಗುತ್ತದೆ, ನಾನೂರು ಕಿಲೋಮೀಟರಿಗೂ ಜಾಸ್ತಿ.

ಕಥೆ ಹೀಗಿದೆ. ಕಪ್ಪತಗುಡ್ಡದ ಜಾಗದಲ್ಲಿ ಒಂದು ಕಾಲಕ್ಕೆ ಸಮುದ್ರ ಇತ್ತು. ತಳದಿಂದ ಲಾವಾ ಉಕ್ಕುತ್ತಿತ್ತು. ನೀರಿನಡಿ ಉಕ್ಕಿದ ಲಾವಾ ದಿಂಬಿನ ಆಕಾರದಲ್ಲಿ ಗಟ್ಟಿಯಾಗುತ್ತೆ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಹೋದರೆ ಆ ದಿಂಬುಗಳನ್ನು ಕೈಯಲ್ಲಿ ಮುಟ್ಟಿ ನೋಡಬಹುದು. ಅದು ಈಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಆ ಲಾವಾದ ಜೊತೆಗೇ ಕೆಸರು, ಮರಳು, ಕಬ್ಬಿಣದ ಪದರ ಎಲ್ಲ ಕೂತವು. ಮುಂದೆ ಭೂಮಿ ಇದನ್ನೆಲ್ಲ ಎರಡೂ ಕಡೆಯಿಂದ ಒತ್ತಿತು. ಮಲಗಿದ್ದ ಪದರ ಎದ್ದು ನಿಂತವು. ಕಪ್ಪತಗುಡ್ಡದಲ್ಲಿ ಪದರಗಲ್ಲು ಪುಸ್ತಕದ ಹಾಳೆ ನಿಲ್ಲಿಸಿದ ಹಾಗೆ ಕಾಣುತ್ತಲ್ವಾ, ಅದು ಈ ಒತ್ತಡದ ಗುರುತು.

ಒತ್ತಿದಾಗ ಕಲ್ಲು ಬಿರಿಯಿತು. ಆ ಬಿರುಕುಗಳಲ್ಲಿ ಆಳದಿಂದ ಬಿಸಿನೀರು ಏರಿ ಬಂತು. ಇದು ಸುಮಾರು 250 ಕೋಟಿ ವರ್ಷದ ಹಿಂದಿನ ಮಾತು. ಹತ್ತಿರ ಹತ್ತಿರ 300 ಡಿಗ್ರಿ ಬಿಸಿ. ಆದರೂ ಮೇಲಿನ ಕಲ್ಲಿನ ಭಾರಕ್ಕೆ ಆವಿಯಾಗದೆ ನೀರಾಗಿಯೇ ಇತ್ತು. ಆ ನೀರಿನಲ್ಲಿ ಕರಗಿದ ಬೆಣಚು (ನೀವು ನೋಡಿದ ಬಿಳಿ ಕಲ್ಲು ಅದೇ), ಇಂಗಾಲದ ಡೈ ಆಕ್ಸೈಡ್, ಗಂಧಕ, ಮತ್ತೆ ಅತಿ ಕಡಿಮೆ ಚಿನ್ನ. ಚಿನ್ನ ಒಂಟಿಯಾಗಿ ನೀರಿನಲ್ಲಿ ಕರಗುವುದಿಲ್ಲ, ಗಂಧಕದ ಕೈ ಹಿಡಿದುಕೊಂಡೇ ಬರಬೇಕು.

ಈಗ ಆ ನೀರು ಲಾವಾ ಕಲ್ಲಿನ ಗೋಡೆ ಮುಟ್ಟುತ್ತದೆ. ಲಾವಾ ಕಲ್ಲಿನಲ್ಲಿ ಕಬ್ಬಿಣ ಜಾಸ್ತಿ. ಕಬ್ಬಿಣ ಗಂಧಕವನ್ನು ತನ್ನ ಕಡೆ ಎಳೆದುಕೊಂಡು ಪೈರೈಟ್ ಆಗುತ್ತದೆ. ಜೊತೆಗಾರ ಕೈಬಿಟ್ಟ ಚಿನ್ನ ಅಲ್ಲೇ ಉದುರುತ್ತದೆ. ಅದಕ್ಕೇ ಚಿನ್ನ ಬೆಣಚಿನ ನಟ್ಟನಡುವೆ ಇರುವುದಕ್ಕಿಂತ ಅಂಚಿನ ಗೋಡೆಗಲ್ಲಿನ ಹತ್ತಿರ ಜಾಸ್ತಿ ಇರುವುದು ಅಪರೂಪವಲ್ಲ. ತುಮಕೂರು ಜಿಲ್ಲೆಯ ಅಜ್ಜನಹಳ್ಳಿಯಲ್ಲಿ ಕಬ್ಬಿಣದ ಪಟ್ಟೆಗಲ್ಲೇ ಚಿನ್ನವನ್ನು ಹಿಡಿದು ನಿಲ್ಲಿಸಿದೆ, ಅಲ್ಲಿಯೂ ಇದೇ ಲೆಕ್ಕ.

ಭೂಮಿ ಅಲುಗಿದಾಗಲೆಲ್ಲ ಬಿರುಕು ತೆರೆಯುತ್ತೆ, ಒತ್ತಡ ತಟ್ಟನೆ ಇಳಿಯುತ್ತೆ, ಬೆಣಚು ಕೂತು ಬಿರುಕು ಮುಚ್ಚುತ್ತೆ. ಮತ್ತೆ ಅಲುಗುತ್ತೆ, ಮತ್ತೆ ತೆರೆಯುತ್ತೆ. ನಿಮಗೆ ಸಿಕ್ಕ ಬಿಳಿ ಚೂರಿನಲ್ಲಿ ಕಪ್ಪು ಗೆರೆಗಳು ಒಂದರ ಪಕ್ಕ ಒಂದು ಇದ್ದವಾ? ಇದ್ದರೆ ಪ್ರತಿ ಗೆರೆಯೂ ಒಂದು ಸಲದ ಬಿರಿತ.

ಗುಡ್ಡದ ದಾರಿ:

ಇದ್ದವು ಮೇಡಂ! ಒಂದು ಚೂರನ್ನು ಅಲ್ಲೇ ಎತ್ತಿ ನೋಡಿ, ಅಲ್ಲೇ ಇಟ್ಟು ಬಂದೆ. ಫೋಟೊ ಇದೆ. ಅಂಗೈಯಷ್ಟು ಅಗಲದ ಕಲ್ಲಿನಲ್ಲಿ ಹದಿನಾಲ್ಕು ಗೆರೆ ಎಣಿಸಿದೆ. ಒಂದು ಬದಿಯಲ್ಲಿ ಚಿಕ್ಕ ಚಿಕ್ಕ ಚೌಕ ತೂತುಗಳು, ಒಳಗೆ ಕೆಂಪು ತುಕ್ಕಿನ ಪುಡಿ. ಯಾರೋ ಸಣ್ಣ ಉಳಿಯಿಂದ ಕೆತ್ತಿದ ಹಾಗಿತ್ತು.

ಬೆಣಚುಕಲ್ಲು:

ಯಾರೂ ಕೆತ್ತಿಲ್ಲ. ಅಲ್ಲಿ ಪೈರೈಟ್ ಹರಳು ಕೂತಿತ್ತು. ಪೈರೈಟ್ ದಾಳದ ಹಾಗೆ ಚೌಕವಾಗಿ ಬೆಳೆಯುತ್ತೆ. ಮಳೆ ನೀರು ಅದನ್ನು ಕರಗಿಸಿ ತುಕ್ಕು ಬಿಟ್ಟು ಹೋಯಿತು. ಆ ತೂತನ್ನು ನೆನಪಿಡಿ. ನಿಮ್ಮ "ಯಾಕೆ ಬಿಟ್ಟರು" ಅನ್ನುವುದರ ಅರ್ಧ ಉತ್ತರ ಅದರೊಳಗೆ ಇದೆ.

ಪಿಯುಸಿ ಹುಡುಗಿ:

ನನ್ನದೊಂದು ಸಣ್ಣ ಡೌಟು. ನಮ್ಮ ಮನೆಯಲ್ಲಿ ಹೊಳೆಯುವ ಕಲ್ಲಿಗೆ ಕಾಗೆಬಂಗಾರ ಅನ್ನುತ್ತಾರೆ. ಅದೇನಾ ಪೈರೈಟ್?

ಬೆಣಚುಕಲ್ಲು:

ಅಲ್ಲ ಪುಟ್ಟಾ. ಕಾಗೆಬಂಗಾರ ಅಂದರೆ ಅಭ್ರಕ. ಉಗುರಿನಿಂದ ಹಾಳೆ ಹಾಳೆಯಾಗಿ ಬಿಡಿಸಬಹುದು. ಪೈರೈಟ್ ಬಿಡಿಸಲು ಬರುವುದಿಲ್ಲ. ಸುತ್ತಿಗೆಯಿಂದ ಹೊಡೆದರೆ ಪುಡಿಯಾಗುತ್ತೆ, ಬಿಳಿ ಪಿಂಗಾಣಿ ಮೇಲೆ ಉಜ್ಜಿದರೆ ಕಪ್ಪು ಗೆರೆ ಬೀಳುತ್ತೆ. ನಿಜವಾದ ಚಿನ್ನ ಹೊಡೆದರೆ ತಗಡಾಗುತ್ತೆ, ಗೆರೆಯೂ ಚಿನ್ನದ್ದೇ. ಒರೆಗಲ್ಲಿಗೆ ಹಚ್ಚಿ ನೋಡುವುದು ಸುಮ್ನೆ ಬಂದ ಪದ್ಧತಿ ಅಲ್ಲ.

ಗದಗದ ಕಲ್ಲಿನಲ್ಲಿ ಇನ್ನೊಂದಿದೆ, ಆರ್ಸೆನೊಪೈರೈಟ್. ಬೆಳ್ಳಿ ಬಣ್ಣ. ಸುತ್ತಿಗೆಯಿಂದ ಹೊಡೆದರೆ ಬೆಳ್ಳುಳ್ಳಿ ಜಜ್ಜಿದ ವಾಸನೆ ಬರುತ್ತೆ. ಅದರಲ್ಲಿ ಆರ್ಸೆನಿಕ್ ಇದೆ, ವಿಷ. ವಾಸನೆ ನೋಡಲು ಹೋಗಬೇಡ.

ಸೊರಟೂರ ಮೊಮ್ಮಗ:

ಎಲ್ಲರೂ ಬರೆದದ್ದು ಓದಿ ನನಗೆ ಕಣ್ಣು ತುಂಬಿ ಬಂತು. ನಾವು ಆ ಕಡೆಯವರೇ. ನಮ್ಮ ಅಮ್ಮನ ತಾಯಿ ಚಿಕ್ಕವರಿದ್ದಾಗ ಹಳ್ಳದಲ್ಲಿ ಮರಳು ತೊಳೆಯುವುದನ್ನು ನೋಡಿದವರು. ಅವರ ಅಜ್ಜ ಮಾಡುತ್ತಿದ್ದರಂತೆ.

ಅಜ್ಜಿ ಹೇಳುತ್ತಿದ್ದುದು ಹೀಗೆ. ದೊಡ್ಡ ಮಳೆ ಬಂದು ಹಳ್ಳ ಇಳಿದ ಮಾರನೇ ದಿನ ಬೆಳಗಾಗುವ ಮುಂಚೆ ಹೊರಡಬೇಕು. ಮರಳಿನ ನಡುವಿಗೆ ಹೋಗಬಾರದು. ಹಳ್ಳ ತಿರುಗುವ ಕಡೆ ಒಳಗಿನ ದಂಡೆ, ಬಂಡೆಯ ಹಿಂದಿನ ಸಂದಿ, ಮರದ ಬೇರು, ಅಲ್ಲಿ ಕೆದರಬೇಕು. ಕೈಯಲ್ಲಿ ಸಣ್ಣ ಗುದ್ದಲಿ, ಒಂದು ಕಸಬರಿಗೆ, ಬುಟ್ಟಿ, ಮರಿಗೆ. ಕಸಬರಿಗೆ ಯಾಕೆ ಅಂದರೆ ಬಂಡೆಯ ಬಿರುಕಿನಲ್ಲಿ ಕೂತ ಧೂಳನ್ನೂ ಬಿಡದೆ ಗುಡಿಸಬೇಕು. ಆ ಮಣ್ಣನ್ನು ಮರಿಗೆಯಲ್ಲಿ ಹಾಕಿ ನೀರಿನಲ್ಲಿ ಅಲುಗಿಸುವುದು. ಅಕ್ಕಿಯಲ್ಲಿ ಕಲ್ಲು ಗಾಲಿಸುವ ಹಾಗೆ. ಹಗುರಾದ ಮರಳು ತುಳುಕಿ ಹೋಗುತ್ತೆ. ಕೊನೆಗೆ ತಳದಲ್ಲಿ ಕಪ್ಪು ಮರಳಿನ ಒಂದು ಬಾಲ ಉಳಿಯುತ್ತೆ. ಆ ಬಾಲದ ತುದಿಯಲ್ಲಿ ಹಳದಿ ಕಂಡರೆ ಆ ದಿನ ರೊಟ್ಟಿ. "ಕಾಣದ ದಿನಾನ ಜಾಸ್ತಿ ಇರತಿದ್ವು" ಅಂತಿದ್ದರು ಅಜ್ಜಿ.

ಅವರ ಮರಿಗೆ ಇನ್ನೂ ನಮ್ಮ ಅಟ್ಟದ ಮೇಲೆ ಇದೆ. ನಾವು ಬಹಳ ವರ್ಷ ಅದರಲ್ಲಿ ಹುಣಸೆಹಣ್ಣು ಇಟ್ಟಿದ್ದೆವು. ಅದು ಏನು ಅಂತ ನನಗೆ ತಿಳಿದದ್ದೇ ದೊಡ್ಡವನಾದ ಮೇಲೆ.

ಹಳೆಕಡತ:

ಸೊರಟೂರ ಮೊಮ್ಮಗನವರೇ, ಆ ಮರಿಗೆಯನ್ನು ದಯವಿಟ್ಟು ಕಾಪಾಡಿ. ಕೈಮುಗಿದು ಕೇಳುತ್ತೇನೆ.

"ಜಲಗಾರ" ಶಬ್ದಕ್ಕೆ ಮೊದಲಿದ್ದ ಅರ್ಥವೇ ಇದು, ಧೂಳು ಮಣ್ಣು ತೊಳೆದು ಚಿನ್ನದ ಕಣ ಆರಿಸುವವನು. ಅಕ್ಕಸಾಲಿಗರ ಅಂಗಡಿ ಮುಂದಿನ ಕಸ ಗುಡಿಸಿ ತೊಳೆಯುವುದೂ ಅವರ ಕೆಲಸವೇ. ಕಸ ಗುಡಿಸುವವನು ಅನ್ನುವ ಅರ್ಥ ಆಮೇಲೆ ಮುಂದೆ ಬಂತು. ಇಂದು ಆ ಶಬ್ದ ಕೇಳಿದರೆ ಯಾರಿಗೂ ಚಿನ್ನ ನೆನಪಾಗುವುದಿಲ್ಲ. ನನಗೆ ಇದು ನೋವಿನ ಸಂಗತಿ. ನೀರು ಎಲ್ಲಿ ನಿಧಾನವಾಗುತ್ತೆ, ಭಾರದ ಕಣ ಎಲ್ಲಿ ಬೀಳುತ್ತೆ ಅನ್ನುವುದನ್ನು ಬರಿಗಣ್ಣಿನಿಂದ ಓದುತ್ತಿದ್ದ ಜನ ಅವರು.

ಬೆಣಚುಕಲ್ಲು:

ಅಜ್ಜಿ ಹೇಳಿದ ಒಂದೊಂದು ಮಾತೂ ಸರಿ. ಬೆಣಚಿಗಿಂತ ಚಿನ್ನ ಏಳು ಪಟ್ಟು ಭಾರ. ನೀರಿನ ವೇಗ ತಗ್ಗುವ ಮೊದಲ ಜಾಗದಲ್ಲೇ ಅದು ಬೀಳುತ್ತೆ. ತಿರುವಿನ ಒಳದಂಡೆ, ಬಂಡೆಯ ಹಿಂದೆ, ಎಲ್ಲ ಅಂಥ ಜಾಗಗಳು. ಕಪ್ಪು ಮರಳು ಅಂದರೆ ಮ್ಯಾಗ್ನೆಟೈಟ್, ಅದೂ ಭಾರ, ಹಾಗಾಗಿ ಜೊತೆಗೇ ಉಳಿಯುತ್ತೆ. ನಾವು ಕಾಲೇಜಿನಲ್ಲಿ ಎರಡು ವರ್ಷ ಓದಿ ಕಲಿತದ್ದು ಇದನ್ನೇ.

ಓದುಗ ಗದಗ:

ಲಕ್ಕುಂಡಿಯಲ್ಲಿ ಟಂಕಸಾಲೆ ಇತ್ತಲ್ಲ, "ಲೊಕ್ಕಿ ಗದ್ಯಾಣ" ಅಂತ ಶಾಸನಗಳಲ್ಲಿ ಬರುತ್ತೆ. ಆ ನಾಣ್ಯಗಳ ಚಿನ್ನ ಈ ಗುಡ್ಡದ್ದೇ ಇರಬೇಕು!

ಹಳೆಕಡತ:

ಹತ್ತಿರ ಇದೆ ಅನ್ನುವುದೊಂದೇ ಸಾಕ್ಷಿ ಆಗುವುದಿಲ್ಲ. ನಾಣ್ಯದ ಚಿನ್ನ ವ್ಯಾಪಾರದಿಂದಲೂ ಬರುತ್ತೆ, ಕಪ್ಪಕಾಣಿಕೆಯಿಂದಲೂ ಬರುತ್ತೆ, ಹಳೇ ನಾಣ್ಯ ಕರಗಿಸಿಯೂ ಬರುತ್ತೆ. ಲಕ್ಕುಂಡಿಯ ಟಂಕಸಾಲೆ ನಿಜ, ಲೊಕ್ಕಿ ಗದ್ಯಾಣ ನಿಜ. ನಡುವಿನ ಗಂಟನ್ನು ನಾವಾಗಿ ಹಾಕುವುದು ಬೇಡ.

ಗಟ್ಟಿ ಪುರಾವೆ ಬೇಕಾದರೆ ರಾಯಚೂರು ಜಿಲ್ಲೆಯ ಹಟ್ಟಿಗೆ ಹೋಗಬೇಕು. ಅಲ್ಲಿ ಪ್ರಾಚೀನರು 640 ಅಡಿ ಆಳಕ್ಕೆ ಇಳಿದಿದ್ದರು. ಒಳಗೆ ಸಿಕ್ಕ ಮರದ ತುಂಡುಗಳ ಕಾಲ ನಿರ್ಣಯ ಮಾಡಿದಾಗ ಸುಮಾರು 1,900 ವರ್ಷ ಹಳೆಯವು ಅಂತ ತಿಳಿಯಿತು. ಸಿಡಿಮದ್ದಿಲ್ಲ, ಪಂಪಿಲ್ಲ. ಆ ಕಾಲದ ಕಲ್ಲು ಒಡೆಯುವ ವಿಧಾನ ಅಂದರೆ ಬಂಡೆಗೆ ಕಟ್ಟಿಗೆ ಒಟ್ಟಿ ಬೆಂಕಿ ಹಾಕುವುದು, ಕಾದ ಮೇಲೆ ನೀರು ಎರಚುವುದು, ಬಿರಿದ ಕಲ್ಲನ್ನು ಕಿತ್ತು ಮೇಲೆ ಹೊರುವುದು. ಆ ಹೊಗೆಯಲ್ಲಿ ಅಷ್ಟು ಆಳದಲ್ಲಿ ಕೆಲಸ ಮಾಡಿದವರ ಹೆಸರು ಒಂದೂ ಉಳಿದಿಲ್ಲ.

ಇನ್ನೊಂದು ಸಂಗತಿ ನೋಡಿ. ಅದೇ ಸೀಮೆಯ ಮಸ್ಕಿಯಲ್ಲಿ ಅಶೋಕನ ಶಾಸನವನ್ನು 1915ರಲ್ಲಿ ಕಂಡವರು ಬೀಡನ್. ಚಿನ್ನದ ಗಣಿಯ ಎಂಜಿನಿಯರ್. "ದೇವಾನಾಂಪ್ರಿಯ" ಅನ್ನುವುದು ಅಶೋಕನೇ ಅಂತ ಹೆಸರು ಸಮೇತ ಸಿಕ್ಕಿದ್ದು ಆ ಬಂಡೆಯಲ್ಲಿ. ಬ್ರಹ್ಮಗಿರಿ ಶಾಸನದಲ್ಲಿ ಮೌರ್ಯರ ದಕ್ಷಿಣದ ರಾಜಧಾನಿಯ ಹೆಸರು ಬರುತ್ತೆ, ಸುವರ್ಣಗಿರಿ. ಚಿನ್ನದ ಬೆಟ್ಟ!

ಬೆಣಚುಕಲ್ಲು:

ಗುಡ್ಡದ ದಾರಿಯವರೇ, ನೀವು ನೋಡಿದ ಕಂದಕ ಮತ್ತು ಬಾವಿ ಎರಡೂ ಒಂದೇ ಕಾಲದ್ದಲ್ಲದೆ ಇರಬಹುದು. ಗುರುತಿಸುವ ದಾರಿ ಇದೆ. ದೂರದಿಂದಲೇ ನೋಡಿ, ಇಳಿಯಬೇಡಿ. ಗೋಡೆ ದುಂಡಗೆ, ನುಣ್ಣಗೆ, ಸವೆದ ಹಾಗೆ ಇದ್ದರೆ ಬೆಂಕಿ ಹಾಕಿ ಒಡೆದದ್ದು. ಗೋಡೆಯ ಮೇಲೆ ಅರ್ಧ ಕೊಳವೆಯಂಥ ನೇರ ಗೆರೆ, ಹೆಬ್ಬೆರಳು ಗಾತ್ರ, ಇದ್ದರೆ ಮದ್ದು ತುಂಬಲು ತೂತು ಕೊರೆದದ್ದು, ಅಂದರೆ ಕಂಪನಿ ಕಾಲ.

ಬಂಡೆಯ ಕುಳಿಗಳ ಬಗ್ಗೆ ಸ್ವಲ್ಪ ಎಚ್ಚರ ಬೇಕು. ಕಾಳು ಕುಟ್ಟಲೂ ಅಂಥ ಕುಳಿ ಮಾಡುತ್ತಿದ್ದರು. ಆದರೆ ಸುತ್ತಲೂ ಜೋಳದ ಗಾತ್ರದ ಬೆಣಚಿನ ಚೂರು ಸಿಕ್ಕರೆ ಅದಿರು ಕುಟ್ಟಿದ ಜಾಗ ಅಂತ ಧೈರ್ಯವಾಗಿ ಹೇಳಬಹುದು.

ಗುಡ್ಡದ ದಾರಿ:

ಇದ್ದವು ಮೇಡಂ. ಕಾಲಿಗೆ ಚುಚ್ಚುವಷ್ಟು ಇದ್ದವು.

ಮಾರಿಕುಪ್ಪಂ ನಿವೃತ್ತ:

ಈಗ ಮೂಲ ಪ್ರಶ್ನೆಗೆ ಬರೋಣ. ಯಾಕೆ ಬಿಟ್ಟರು?

ಗಣಿ ನಡೆಯುವುದು ಚಿನ್ನ ಇದೆಯಾ ಇಲ್ವಾ ಅನ್ನುವುದರ ಮೇಲೆ ಅಲ್ಲ. ಒಂದು ಟನ್ ಕಲ್ಲಿಗೆ ಎಷ್ಟು ಗ್ರಾಂ ಅನ್ನುವುದರ ಮೇಲೆ. ಒಂದು ಗ್ರಾಂ ಚಿನ್ನ ಅಂದರೆ ಜೋಳದ ಕಾಳಿಗಿಂತ ಸ್ವಲ್ಪ ದಪ್ಪ. ಒಂದು ಟನ್ ಬೆಣಚುಕಲ್ಲು ಅಂದರೆ ಉದ್ದ, ಅಗಲ, ಎತ್ತರ ಎಲ್ಲ ಮುಕ್ಕಾಲು ಮೀಟರಿನಷ್ಟಿರುವ ಬಂಡೆ. ಆ ಬಂಡೆಯನ್ನು ನೆಲದ ಕೆಳಗೆ ಒಡೆದು, ಮೇಲೆತ್ತಿ, ಹಿಟ್ಟು ಮಾಡಿ, ಆ ಜೋಳದ ಕಾಳಿನಂಥ ಐದೋ ಆರೋ ಕಾಳು ತೆಗೆಯಬೇಕು. ಅದೂ ಒಂದೇ ಕಡೆ ಇರುವುದಿಲ್ಲ, ಹಿಟ್ಟಿನ ತುಂಬ ಹರಡಿರುತ್ತೆ. ಕೋಲಾರದಲ್ಲಿ ಶುರುವಿನ ವರ್ಷಗಳಲ್ಲಿ ಟನ್ನಿಗೆ 40 ಗ್ರಾಂ ದಾಟಿ ಸಿಗುತ್ತಿತ್ತು. ಅಂಥ ಅದಿರು ಇದ್ದರೆ ಮೂರು ಕಿಲೋಮೀಟರ್ ಆಳಕ್ಕೂ ಇಳಿಯಬಹುದು, ನಾವು ಇಳಿದೆವು. 1902ರಲ್ಲೇ ಶಿವನಸಮುದ್ರದಿಂದ ನಮಗೆ ಕರೆಂಟು ಬಂತು. ಸಣ್ಣ ಗಣಿಗಳಿಗೆ ಆ ಭಾಗ್ಯ ಎಲ್ಲಿ? ಉಗಿ ಯಂತ್ರ, ಕಟ್ಟಿಗೆ, ಕಲ್ಲಿದ್ದಲು. ಇಳಿದಷ್ಟೂ ನೀರು ಎತ್ತುವ ಖರ್ಚು.

ಇನ್ನೊಂದು ಮುಖ್ಯ ಮಾತು. ಆಗ ಚಿನ್ನದ ಬೆಲೆ ಏರುತ್ತಿರಲಿಲ್ಲ. ಲಂಡನ್ನಿನಲ್ಲಿ ಒಂದು ಔನ್ಸ್ 22 ಕ್ಯಾರೆಟ್ ಚಿನ್ನಕ್ಕೆ 3 ಪೌಂಡ್ 17 ಶಿಲಿಂಗ್ 10½ ಪೆನ್ನಿ. ಕಾನೂನಿನಿಂದ ಕಟ್ಟಿ ಹಾಕಿದ ಬೆಲೆ. ಕೂಲಿ ಏರಿತು, ಮದ್ದಿನ ಬೆಲೆ ಏರಿತು, ಚಿನ್ನದ್ದು ಅಲ್ಲೇ ನಿಂತಿತು. ಬೇರೆ ವ್ಯಾಪಾರಿ ಬೆಲೆ ಏರಿಸಿ ಬದುಕುತ್ತಾನೆ. ಚಿನ್ನದ ಗಣಿಯವನಿಗೆ ಆ ದಾರಿಯೇ ಇರಲಿಲ್ಲ. ಹಟ್ಟಿಯಂಥ ಗಣಿಯೇ 1920ರಲ್ಲಿ ಮುಚ್ಚಿತು. ಮತ್ತೆ ಶುರುವಾದದ್ದು ಸ್ವಾತಂತ್ರ್ಯದ ಹೊತ್ತಿಗೆ.

ಬೆಣಚುಕಲ್ಲು:

ಇದಕ್ಕೆ ಆ ಚೌಕ ತೂತನ್ನು ಸೇರಿಸುತ್ತೇನೆ.

ನೆಲದ ಮೇಲ್ಭಾಗದಲ್ಲಿ ಕೋಟಿಗಟ್ಟಲೆ ಮಳೆಗಾಲ ಕೆಲಸ ಮಾಡಿದೆ. ಪೈರೈಟ್, ಆರ್ಸೆನೊಪೈರೈಟ್ ತುಕ್ಕಾಗಿ ಕೊಚ್ಚಿ ಹೋದವು. ಅವುಗಳ ಒಳಗೆ ಸಿಕ್ಕಿಕೊಂಡಿದ್ದ ಚಿನ್ನಕ್ಕೆ ಬಿಡುಗಡೆ ಆಯಿತು. ಬೇಡದ್ದು ಹೋಗಿ ಬೇಕಾದ್ದು ಉಳಿದಾಗ ಕಲ್ಲು ತಾನಾಗಿಯೇ ಸಮೃದ್ಧವಾಗುತ್ತೆ. ಅಂಥ ಕಲ್ಲನ್ನು ಕುಟ್ಟಿ ಪಾದರಸಕ್ಕೆ ಹಾಕಿದರೆ ಚಿನ್ನ ತಟ್ಟನೆ ಅಂಟುತ್ತೆ. ಜಲಗಾರರ ಹಳ್ಳದ ಚಿನ್ನವೂ ಇಲ್ಲಿಂದಲೇ ಇಳಿದದ್ದು.

ನೀರಿನ ಮಟ್ಟ ದಾಟಿ ಕೆಳಗೆ ಹೋದರೆ ಕಥೆ ಬೇರೆ. ಅಲ್ಲಿ ಮಳೆಯ ಕೈ ತಲುಪಿಲ್ಲ. ಪೈರೈಟ್, ಆರ್ಸೆನೊಪೈರೈಟ್ ತಾಜಾ ಇವೆ, ಚಿನ್ನ ಅವುಗಳ ಹೊಟ್ಟೆಯಲ್ಲಿ ಬಂಧಿ. ಎಷ್ಟು ನುಣ್ಣಗೆ ಅರೆದರೂ ಪಾದರಸಕ್ಕೆ ಕೈ ಕೊಡುವುದಿಲ್ಲ. ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆಯುವ ವಿಧಾನ 1887ರಲ್ಲಿ ಬಂತು, ನಿಜ. ಆದರೆ ಆರ್ಸೆನಿಕ್ ಜಾಸ್ತಿ ಇರುವ ಅದಿರಿನಲ್ಲಿ ಅದೂ ತಿಣುಕುತ್ತೆ, ಮೊದಲು ಹುರಿಯಬೇಕು, ಹುರಿದರೆ ವಿಷದ ಹೊಗೆ. ಜೊತೆಗೆ ಇಲ್ಲಿನ ಬೆಣಚಿನ ರೀಫು, ಅಂದರೆ ಚಿನ್ನ ಇರುವ ಪಟ್ಟೆ, ಒಂದೇ ಸಮ ಇರುವುದಿಲ್ಲ. ಉಬ್ಬುತ್ತೆ, ಸಣ್ಣಗಾಗುತ್ತೆ, ತುಂಡಾಗಿ ಪಕ್ಕಕ್ಕೆ ಸರಿದಿರುತ್ತೆ. ಷೇರು ಮಾರಿ ದುಡ್ಡು ತಂದವರು ಮೇಲಿನ ಕಲ್ಲಿನ ಅಂದಾಜನ್ನೇ ಆಳಕ್ಕೂ ಹಾಕಿ ಯಂತ್ರ ತರಿಸಿದರು. ಯಂತ್ರ ಬಂದು ಕೂರುವ ಹೊತ್ತಿಗೆ ಶಾಫ್ಟು ತುಕ್ಕಿನ ಪದರ ದಾಟಿತ್ತು. ವೈನಾಡಿನಲ್ಲಿ 1880ರ ಸುಮಾರಿಗೆ ಹತ್ತಾರು ಕಂಪನಿಗಳು ಎದ್ದು ಬಿದ್ದದ್ದೂ ಹೀಗೇ.

ಹಾಗಾಗಿ ಇಬ್ಬರು ಹಿರಿಯರಿಗೂ ಹೇಳಬಹುದಾದ ಉತ್ತರ: ಸುಲಭವಾಗಿ ಬರುವುದು ಬಂತು, ಉಳಿದದ್ದು ಕಲ್ಲಿನೊಳಗೇ ಇದೆ.

ಊರ ಹುಡುಗ:

ಇದ್ದರೆ ಈಗ ತೆಗೆಯಬಹುದಲ್ವಾ? ಬೆಲೆ ಗಗನಕ್ಕೆ ಹೋಗಿದೆ, ತಂತ್ರಜ್ಞಾನ ಇದೆ. ನಮ್ಮ ಓರಗೆಯವರು ಕೆಲಸಕ್ಕೆ ಹುಬ್ಬಳ್ಳಿ, ಬೆಂಗಳೂರು, ಗೋವಾ ಅಂತ ಅಲೆಯುತ್ತಿದ್ದಾರೆ. ಗಣಿ ಬೇಡ, ಗುಡ್ಡದಲ್ಲಿ ಗಿಡಮೂಲಿಕೆ ಇದೆ, ತೋಳ ಇದೆ ಅಂತ ಹೊರಗೆ ಎಲ್ಲರೂ ಹೇಳುತ್ತಾರೆ. ನಮ್ಮ ಹೊಟ್ಟೆಪಾಡಿನ ಬಗ್ಗೆಯೂ ಯಾರಾದರೂ ಮಾತಾಡಿ.

ಮಾರಿಕುಪ್ಪಂ ನಿವೃತ್ತ:

ತಮ್ಮಾ, ನಿನ್ನ ಸಿಟ್ಟು ನನಗೆ ಅರ್ಥ ಆಗುತ್ತೆ. ಗಣಿಯ ಸಂಬಳದಲ್ಲೇ ನಾನು ಮೂರು ಮಕ್ಕಳನ್ನು ಓದಿಸಿದ್ದು. ಗಣಿ ಕೆಟ್ಟದ್ದು ಅಂತ ನನ್ನ ಬಾಯಿಂದ ಬರುವುದಿಲ್ಲ.

ಆದರೆ ಕೇಳು. 2001ರ ಫೆಬ್ರವರಿ 28ಕ್ಕೆ ನಮ್ಮ ಗಣಿ ನಿಂತಿತು. ಅಷ್ಟು ದೊಡ್ಡ ಊರು ಒಂದೇ ದಿನಕ್ಕೆ ಬರಿದಾಯಿತು. ಇಂದಿಗೂ ನಮ್ಮವರು ಬೆಳಗಿನ ಜಾವ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ. ನೀನು ಹೇಳಿದ ಅಲೆದಾಟವೇ. ಉಳಿದದ್ದು ಸೈನೈಡ್ ಗುಡ್ಡಗಳು, ಚಿನ್ನ ತೆಗೆದ ಮೇಲೆ ಸುರಿದ ಕಲ್ಲಿನ ಹಿಟ್ಟಿನ ರಾಶಿ. ಬೇಸಿಗೆಯಲ್ಲಿ ಗಾಳಿ ಎದ್ದರೆ ಬಿಳಿ ಧೂಳು ಮನೆಯೊಳಗೆ, ಅನ್ನದ ತಟ್ಟೆಯೊಳಗೆ. ನನ್ನ ಜೊತೆ ಡ್ರಿಲ್ ಹಿಡಿದವರಲ್ಲಿ ಎಷ್ಟೋ ಜನ ಕಲ್ಲಿನ ಧೂಳು ಕುಡಿದು, ಎದೆ ಕಟ್ಟಿ, ಕೂತುಕೊಂಡೇ ನಿದ್ದೆ ಮಾಡಿ ಸತ್ತರು. ಅಷ್ಟೆಲ್ಲ ಟನ್ನಿಗೆ 40 ಗ್ರಾಂ ಕಂಡ ಗಣಿಯ ಕಥೆ.

ಬೆಣಚುಕಲ್ಲು:

ಊರ ಹುಡುಗರಿಗೆ, ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಇವತ್ತು ಇಂಥ ಅದಿರನ್ನು ಶಾಫ್ಟು ತೋಡಿ ತೆಗೆಯುವುದಕ್ಕಿಂತ ಗುಡ್ಡವನ್ನೇ ಮೇಲಿನಿಂದ ಬಗೆದು ತೆಗೆಯುವ ಸಾಧ್ಯತೆ ಜಾಸ್ತಿ. ಅದರಲ್ಲಿ ಯಂತ್ರ ಜಾಸ್ತಿ, ಜನ ಕಡಿಮೆ. ಒಂದು ಟನ್ ಕಲ್ಲಿಗೆ ಎರಡು ಮೂರು ಗ್ರಾಂ ತೆಗೆದು ಉಳಿದ ಹಿಟ್ಟನ್ನೆಲ್ಲ ಅಲ್ಲೇ ಸುರಿಯಬೇಕು, ಅದರ ಜೊತೆಗೆ ಆರ್ಸೆನಿಕ್ಕನ್ನೂ. ಡೋಣಿ, ಸೊರಟೂರು ಹಳ್ಳಗಳು ಹುಟ್ಟುವುದು ಆ ಗುಡ್ಡದಲ್ಲೇ. ನಿಮಗೆ ಕೆಲಸ ಬೇಕು ಅನ್ನುವುದು ನೂರಕ್ಕೆ ನೂರು ನ್ಯಾಯ. ಈ ಗಣಿ ಅದನ್ನು ಕೊಡುತ್ತೆ ಅಂತ ನನಗೆ ಅನ್ನಿಸುವುದಿಲ್ಲ.

ಊರ ಹುಡುಗ:

ಒಪ್ಪಿದೆ ಅಂತ ಹೇಳಲ್ಲ ಮೇಡಂ. ಆದರೆ ಹಳ್ಳದ ನೀರಿನ ಮಾತು ಮನೆಯಲ್ಲಿ ಹೇಳುತ್ತೇನೆ. ನಮ್ಮ ಹೊಲ ಆ ಹಳ್ಳದ ಪಕ್ಕಕ್ಕೇ ಇದೆ.

ಸೊರಟೂರ ಮೊಮ್ಮಗ:

ನಿನ್ನೆ ಮರಿಗೆ ಇಳಿಸಿ ನೋಡಿದೆ. ಉದ್ದ ಎರಡು ಗೇಣು ನಾಲ್ಕು ಬೆರಳು, ಅಗಲ ಒಂದೂವರೆ ಗೇಣು. ಒಂದೇ ಮರದ ತುಂಡಿನಲ್ಲಿ ಕೊರೆದದ್ದು. ನಡುವೆ ಆಳ, ಒಂದು ತುದಿಗೆ ಬರುತ್ತಾ ತೆಳುವಾಗಿದೆ. ಹಿಡಿಯುವ ಜಾಗದಲ್ಲಿ ಎರಡೂ ಕಡೆ ಸವೆದು ತಗ್ಗು ಬಿದ್ದಿದೆ. ನನ್ನ ಹೆಬ್ಬೆರಳು ಇಟ್ಟೆ. ಸರಿಯಾಗಿ ಕೂತಿತು.

ಹುಣಸೆಹಣ್ಣಿನ ಜಿಗುಟು ಒರೆಸಿದಾಗ ತಳದ ಬಿರುಕಿನಲ್ಲಿ ಕಪ್ಪು ಪುಡಿ ಕಂಡಿತು. ಮಗಳು ಅವಳ ಆಟದ ಮ್ಯಾಗ್ನೆಟ್ ತಂದು ಹಿಡಿದಳು. ಪುಡಿ ಎದ್ದು ಅಂಟಿಕೊಂಡಿತು.

ಬೆಣಚುಕಲ್ಲು:

ಅದು ಮ್ಯಾಗ್ನೆಟೈಟ್. ನಿಮ್ಮ ಅಜ್ಜಿಯ ಅಜ್ಜ ಹಳ್ಳದಿಂದ ತಂದದ್ದು. ಇನ್ನು ಒರೆಸಬೇಡಿ, ಹಾಗೇ ಇಡಿ.

ಸೊರಟೂರ ಮೊಮ್ಮಗ:

ಮ್ಯಾಗ್ನೆಟ್‌ನಲ್ಲಿ ಬಂದದ್ದನ್ನೂ ವಾಪಸ್ ಬಿರುಕಿಗೇ ಹಾಕಿಸಿದೆ ಮೇಡಂ.

ಗುಡ್ಡದ ದಾರಿ:

ಇವತ್ತು ಮತ್ತೆ ಆ ಕಡೆ ಹೋಗಿದ್ದೆ. ಅರಣ್ಯ ಸಿಬ್ಬಂದಿ ಗುಂಡಿಯ ಸುತ್ತ ಮುಳ್ಳುಕಂಟಿ ಹಾಕಿಸಿದ್ದಾರೆ, ನಿವೃತ್ತ ಸರ್ ಮಾತಿನಿಂದ ಆದ ಕೆಲಸ. ಬೇಲಿಯ ಆಚೆಯಿಂದ ಬೈನಾಕ್ಯುಲರ್ ಹಾಕಿ ನೋಡಿದೆ. ಬಾವಿಯ ಗೋಡೆಯಲ್ಲಿ ಅರ್ಧ ಕೊಳವೆ ಗೆರೆಗಳಿವೆ, ಐದು ಕಂಡವು. ಕಂದಕದ ಗೋಡೆಯಲ್ಲಿ ಒಂದೂ ಇಲ್ಲ. ದುಂಡಗೆ ಸವೆದಿದೆ.

ಗುಡ್ಡದ ಬುಡದಲ್ಲಿ ಕುರಿಯ ಅಜ್ಜ ಸಿಕ್ಕರು. ಇಲ್ಲಿ ಓದಿದ್ದನ್ನೆಲ್ಲ ನನಗೆ ಬಂದ ಹಾಗೆ ಹೇಳಿದೆ, ತುಕ್ಕು, ಮಳೆ, ಬೆಳ್ಳುಳ್ಳಿ ವಾಸನೆಯ ಕಲ್ಲು. ಕೋಲಿನ ಮೇಲೆ ಗದ್ದ ಊರಿ ಪೂರ್ತಿ ಕೇಳಿದರು. "ಹಂಗಾದ್ರ ತಳದಾಗ ಇನ್ನೂ ಐತಿ ಅಂತೀ?" ಅಂದರು. "ಐತಿ ಅಜ್ಜಾ, ಆದ್ರ ಕಲ್ಲು ಬಿಡಂಗಿಲ್ಲ" ಅಂದೆ.

"ಇರಲಿ ಬಿಡು" ಅಂದು ಎದ್ದು, ಬೇಲಿ ಕಡೆ ಹೊರಟಿದ್ದ ಎರಡು ಮರಿಗಳನ್ನು ಕೂಗಿ ವಾಪಸ್ ಕರೆದರು.